ಅರ್ಧ ಮಡಚಿದ ಕಾಲು

ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಇನ್ಯಾರದೋ ತೊಡೆಯ ಎಲುಬು ಮಲಗಿರುತ್ತದೆ. ಕೆಂಪು ಅರಿವೆಯ ಚೀಲದಲ್ಲಿ ಅದನ್ನು ಹಾಕಿ, ಮೇಲೆ ರೊಟ್ಟಿಯ ಡಬ್ಬಿ ಇಟ್ಟುಕೊಂಡು ಕುಳಿತರೆ ಯಾರಿಗೂ ಗೊತ್ತಾಗುವುದಿಲ್ಲ. ಸವಣೂರಿನ ಒಂದು ನರ್ಸಿಂಗ್ ಶಾಲೆಯಲ್ಲಿ ನಾನು ಹುಡುಗಿಯರಿಗೆ ಎಲುಬು ಕಲಿಸುವವಳು. ಅದನ್ನು ಶಾಲೆಯಲ್ಲೇ ಬಿಟ್ಟು ಬರಬಹುದಿತ್ತು. ಆದರೆ ಒಂದು ದಿನ ಹೋಗಿ ನೋಡಿದರೆ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಿಟಕಿಗೆ ಯಾರೋ ಅದನ್ನು ಆನಿಸಿ ಇಟ್ಟಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಇಡೀ ಶಾಲೆಗೆ ಕೇಳುವ ಹಾಗೆ ಕೂಗಾಡಿ ಎಲುಬನ್ನು ಮನೆಗೆ ತಂದೆ. ಅಂದಿನಿಂದ ಅದು ನನ್ನ ಜೊತೆಯಲ್ಲೇ ಓಡಾಡುತ್ತದೆ.

ಒಮ್ಮೆ ಕಂಡಕ್ಟರ್ ಕೇಳಿದ್ದ, "ಚೀಲದಾಗ ಏನೈತ್ರಿ ಅಕ್ಕಾರ?"

"ಎಲುಬು," ಅಂದೆ.

"ಏನ್ರಿ?"

"ಮನಶ್ಯಾರ ಎಲುಬು. ಅದಕ್ಕೂ ಟಿಕೇಟು ಐತೇನು?"

ಅವನು ನಕ್ಕ. ನಾನು ನಗಲಿಲ್ಲ. ಆಮೇಲಿನಿಂದ ಅವನು ನನಗೆ ಟಿಕೇಟು ಕೊಡುವಾಗ ಕೈಯನ್ನಷ್ಟೇ ಉದ್ದ ಮಾಡುತ್ತಾನೆ, ಹತ್ತಿರ ಬರುವುದಿಲ್ಲ.

ಆ ಬಸ್ಸಿನಲ್ಲಿ ನನಗೆ ಜೊಂಪು ಹತ್ತುತ್ತದೆ. ಹೊರಗೆ ಗೋವಿನಜೋಳದ ಹೊಲಗಳ ಮೇಲೆ ಮಂಜು ಕುಳಿತಿರುತ್ತದೆ, ಒಳಗೆ ಯಾರದೋ ಮಡಿಲಿನ ಮಲ್ಲಿಗೆ, ಯಾರದೋ ಬಾಯಿಯ ಎಲೆ ಅಡಿಕೆ ವಾಸನೆ. ಅರೆನಿದ್ದೆಯಲ್ಲಿ ನನ್ನ ಕೈ ಅರಿವೆಯ ಮೇಲೆಯೇ ಎಲುಬಿನ ತಲೆಯನ್ನು ಹುಡುಕಿಕೊಳ್ಳುತ್ತದೆ. ತಲೆ ಅಂದರೆ ಗುಂಡು. ನುಣ್ಣಗೆ, ತಣ್ಣಗೆ, ಮುಷ್ಟಿಯಲ್ಲಿ ಹಿಡಿಸುವಷ್ಟು. ಅದರ ನಡುವೆ ಬೆರಳ ತುದಿ ಕೂರುವಂಥ ಒಂದು ಸಣ್ಣ ಕುಳಿ. ಗುಂಡಿನಿಂದ ಕೆಳಗೆ ಜಾರಿದರೆ ಕುತ್ತಿಗೆ ಸಿಗುತ್ತದೆ. ಅದು ನೆಟ್ಟಗಿಲ್ಲ. ಟೊಂಗೆ ಬೊಡ್ಡೆಯಿಂದ ಹೊರಟ ಹಾಗೆ ಓರೆಯಾಗಿ ಹೊರಟು, ಸ್ವಲ್ಪ ಮುಂದಕ್ಕೂ ಬಾಗಿ, ಟೊಂಕದ ಕಡೆಗೆ ಹೋಗುತ್ತದೆ. ಕುತ್ತಿಗೆಯ ಬುಡದಲ್ಲಿ ಹೊರಗಡೆ ಒಂದು ದೊಡ್ಡ ಉಬ್ಬು, ಒಳಗಡೆ ಒಂದು ಸಣ್ಣ ಉಬ್ಬು. ದೊಡ್ಡದನ್ನು ನಾವೆಲ್ಲ ನಮ್ಮ ಮೈಮೇಲೆಯೇ ಮುಟ್ಟಬಹುದು. ಕೊಡ ತುಂಬಿ ಟೊಂಕಕ್ಕೆ ಇಟ್ಟುಕೊಂಡಾಗ ಅದರ ಕೆಳಗೆ ಕೈಗೆ ಹತ್ತುವ ಗಟ್ಟಿ ಜಾಗ ಅದೇ. ಅಲ್ಲಿಂದ ಕೆಳಗೆ ಉದ್ದನೆಯ ಕಾಂಡ. ನಿದ್ದೆಯಲ್ಲಿ ಈ ದಾರಿಯಲ್ಲಿ ಬೆರಳು ಇಳಿಯುತ್ತ ಹೋಗುವಷ್ಟರಲ್ಲಿ ಸವಣೂರು ಬಂದಿರುತ್ತದೆ.

ಈ ಎಲುಬನ್ನು ಅವ್ವ ಮೊದಲ ಸಲ ನೋಡಿದ್ದು ಅಕ್ಕಿಆಲೂರಿನ ನಮ್ಮ ಮನೆಯಲ್ಲಿ. ಅಲ್ಲಿ ಅಣ್ಣ, ಅಣ್ಣನ ಹೆಂಡತಿ ವೈನಿ, ಅವ್ವ ಇದ್ದರು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಶನಿವಾರ ಶಾಲೆ ಮುಗಿಸಿ ಸೀದಾ ತವರಿಗೆ ಹೋಗಿದ್ದೆ. ಅವ್ವ ಎಂದಿನಂತೆ ಚೀಲಕ್ಕೆ ಕೈ ಹಾಕಿದಳು. ಸವಣೂರಿನ ಖಾರಾ ತಂದಿರುತ್ತೇನೆ ಅಂತ ಆಸೆ.

"ಇದೇನವಾ, ಇಷ್ಟುದ್ದ?"

"ಎಲುಬು ಬೇ. ಕೈ ತಗಿ."

"ಯಾರದು?"

"ಯಾರಿಗ್ಗೊತ್ತು. ಯಾವಾಗೋ ದೊಡ್ಡ ಕಾಲೇಜಿನಿಂದ ಬಂದಿದ್ದು. ಹೆಣ್ಣಮಗಳದಿರಬೇಕು, ಗುಂಡು ಸಣ್ಣದೈತಿ."

"ಅಯ್ಯ ನನ ಶಿವನ! ಯಾರದೋ ಮಗಳ ಕಾಲು ಹಿಡಕೊಂಡು ಊರೂರು ತಿರಗ್ತೀಯಲ್ಲ, ನಿನಗೇನು ಬ್ಯಾರೆ ಉದ್ಯೋಗ ಇಲ್ಲೇನು? ಒಳಗ ದೇವ್ರು ಅದಾನ. ದನದ ಕೊಟ್ಟಗಿಯಾಗ ಇಟ್ಟ ಬಾ."

ಕೊಟ್ಟಿಗೆಯ ಗೂಟಕ್ಕೆ ಚೀಲ ಸಿಗಿಸಿದೆ. ಸ್ವಲ್ಪ ಹೊತ್ತಿಗೆ ಅವ್ವನೇ ಸದ್ದಿಲ್ಲದೆ ಹಿಂದೆ ಬಂದು ನಿಂತಳು. "ಎಲ್ಲಿ, ತೋರಸು," ಅಂದಳು. ಅವಳ ಕುತೂಹಲಕ್ಕೆ ಯಾವ ಮಡಿಯೂ ಅಡ್ಡ ಬರುತ್ತಿರಲಿಲ್ಲ. ಎಲುಬನ್ನು ಕೈಗೆ ತೆಗೆದುಕೊಳ್ಳಲಿಲ್ಲ, ಆದರೆ ಒಂದು ಬೆರಳಿನಿಂದ ಮುಟ್ಟಿದಳು.

"ಇಕಿನ್ನ ಮಲಗಿಸಿದ್ರೋ, ಕುಂದ್ರಸಿದ್ರೋ?"

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ದಿನಾ ಲಿಂಗಪೂಜೆಗೆ ಹೇಗೆ ಚಕ್ಕಳಮಕ್ಕಳ ಹಾಕಿ ಕೂರುತ್ತೇವೋ ಹಾಗೆಯೇ ಕಾಲು ಮಡಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಕುಣಿಯ ಗೂಡಿನಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಅವ್ವನ ಪ್ರಶ್ನೆ ಅಷ್ಟೇ ಸಹಜವಾದದ್ದು.

"ಕುಂದ್ರಸೂದೂ ಇಲ್ಲ, ಮಲಗಿಸೂದೂ ಇಲ್ಲ ಬೇ. ಹಿಂಗ ಬಿಡಿಸಿ ಇಟ್ಟು ಕಲಸ್ತಾರ."

"ಹಂಗಾದ್ರ ಇಕಿ ಎಲ್ಲಿ ಕುಂದ್ರಬೇಕು?"

"ದಿನಾ ಬಸ್ಸಿನ್ಯಾಗ ನನ್ನ ತೊಡಿ ಮ್ಯಾಲ ಕುಂದ್ರತಾಳಲ್ಲ, ಸಾಲ್ದೇನು?"

ಅವ್ವ ನನ್ನ ತಲೆಗೊಂದು ಮೊಟಕಿ ನಕ್ಕಳು. ಆಮೇಲೆ ಎಲುಬಿನ ಕುತ್ತಿಗೆ ತೋರಿಸಿ, ಇಷ್ಟು ದೊಡ್ಡ ಮೈಗೆ ಇಷ್ಟು ಸಣ್ಣ ಕುತ್ತಿಗೆ ಯಾಕೆ ಅಂತ ಕೇಳಿದಳು. ನಾನು ಮೇಷ್ಟ್ರಂತೆ ಶುರು ಮಾಡಿದೆ. ಕುತ್ತಿಗೆ ಹೊರಚಾಚಿದ್ದಕ್ಕೇ ಕಾಲು ಇಷ್ಟು ಕಡೆ ತಿರುಗುತ್ತದೆ, ಕುಕ್ಕರಗಾಲಲ್ಲಿ ಕೂರಲು ಬರುತ್ತದೆ, ಚಕ್ಕಳಮಕ್ಕಳ ಹಾಕಲು ಬರುತ್ತದೆ. ಒಳಗೆ ಸೀಳಿ ನೋಡಿದರೆ ಸಣ್ಣ ಸಣ್ಣ ಎಳೆಗಳು ಭಾರ ಬೀಳುವ ದಿಕ್ಕಿಗೇ ಸಾಲುಗಟ್ಟಿ ನಿಂತಿರುತ್ತವೆ. ನಡುವೆ ಒಂದು ಮುಮ್ಮೂಲೆಯ ಜಾಗದಲ್ಲಿ ಮಾತ್ರ ಎಳೆ ತೆಳು. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ, ಅದು ಇನ್ನೂ ತೆಳುವಾಗುತ್ತದೆ. ಗುಂಡಿಗೆ ರಕ್ತ ಹೋಗುವುದೂ ವಿಚಿತ್ರ. ಮೇಲಿನಿಂದ ಬರುವುದು ಲೆಕ್ಕಕ್ಕಿಲ್ಲದಷ್ಟು. ಬಹುಪಾಲು ರಕ್ತ ಕೆಳಗಿನಿಂದ, ಕುತ್ತಿಗೆಯ ಬುಡ ಬಳಸಿ, ಕುತ್ತಿಗೆಯನ್ನು ತಬ್ಬಿಕೊಂಡೇ ಮೇಲೆ ಹತ್ತಬೇಕು.

"ನಮ್ಮ ಮ್ಯಾಗಿನ ಹೊಲಕ್ಕ ಬದುವಿನ ಮ್ಯಾಲೇ ನೀರು ಬರ್ತೈತಲ್ಲ, ಹಂಗ ಬೇ," ಅಂದೆ. "ಬದು ಒಡದ್ರ ಹೊಲಾ ಒಣಗ್ತೈತಿ."

"ಹೌದಾ," ಅಂದಳು ಅವ್ವ. ಎಮ್ಮೆಗೆ ಮೇವು ಎಳೆದು ಹಾಕಿ ಒಳಗೆ ಹೋದಳು.

ಮುಂದಿನ ವರ್ಷದ ಪಂಚಮಿಗೆ ಅಣ್ಣ ಕರೆಯಲು ಬಂದರೂ ನನಗೆ ತವರಿಗೆ ಹೋಗಲಾಗಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಇತ್ತು. ಹಬ್ಬ ಮುಗಿದ ಮೇಲೆ ಅಣ್ಣನ ಫೋನು ಬಂತು. ಅವ್ವನಿಗೆ ಮೊಣಕಾಲು ಹಿಡಿದಿದೆ, ಕುಂಟುತ್ತಾಳೆ, ಹಾನಗಲ್ಲಿಗೆ ಕರೆದುಕೊಂಡು ಹೋಗಿ ಮೊಣಕಾಲಿನ ಫೋಟೋ ತೆಗೆಸಿದೆ, ಸವೆದಿದೆ ಅಂದರು, ಎಣ್ಣೆ ಹಚ್ಚುತ್ತಿದ್ದೇವೆ ಅಂದ. ಆ ವಯಸ್ಸಿನ ಯಾವ ಮೊಣಕಾಲಿನ ಫೋಟೋ ತೆಗೆದರೂ ಸವೆದೇ ಇರುತ್ತದೆ. ಭಾನುವಾರ ಹೊರಟೆ.

ಅವ್ವ ಪಡಸಾಲೆಯ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. ಮೊಣಕಾಲಿಗೆ ಎಕ್ಕದ ಎಲೆ ಕಟ್ಟಿದ್ದರು. ಅಣ್ಣ ಫೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದ. ನಾನು ಮೊಣಕಾಲು ಮಡಚಿ, ಬಿಡಿಸಿ, ಒತ್ತಿ ನೋಡಿದೆ. ಅವ್ವ ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ನೋಯುವ ಮೊಣಕಾಲು ಒತ್ತಿದರೆ ಯಾರೂ ಹಾಗೆ ಹೊರಗೆ ನೋಡುವುದಿಲ್ಲ. ಕಾಲು ಚಾಚಿಸಿ, ಹಿಮ್ಮಡಿ ಹಿಡಿದು, ಇಡೀ ಕಾಲನ್ನು ಲಟ್ಟಣಿಗೆಯಂತೆ ಮೆಲ್ಲಗೆ ಒಳಗೊಮ್ಮೆ ಹೊರಗೊಮ್ಮೆ ಹೊರಳಿಸಿದೆ. ಅವ್ವ ತುಟಿ ಕಚ್ಚಿದಳು.

"ಎಲ್ಲಿ ನೋಯ್ತೈತಿ?"

"ಮೊಣಕಾಲು."

"ಖರೇ ಹೇಳು."

ಅವ್ವ ಅಣ್ಣನ ಕಡೆ ನೋಡಿ ಸೆರಗು ಬಿಗಿ ಮಾಡಿಕೊಂಡಳು. ಆಗ ನನಗೆ ಹೊಳೆಯಿತು. "ಅಣ್ಣಾ, ನೀ ಹೊರಗ ಹೋಗು," ಅಂದೆ. ಅವನು ಹೊರಗೆ ಹೋದ ಮೇಲೆ ಅವ್ವ ಸೆರಗು ಸರಿಸಿ, ತೊಡೆಯ ಸಂದಿಯಲ್ಲಿ ಕೈಯಿಟ್ಟಳು.

"ಇದನ್ನ ಹಾನಗಲ್ಲಿನ್ಯಾಗ ಯಾಕ ಹೇಳಲಿಲ್ಲ?"

"ಮಗ ಬಾಜೂಕ ನಿಂತಾನ, ಡಾಕ್ಟ್ರು ನನ್ನ ಮಗನ ವಾರಗಿಯಾಂವ. ಅವರ ಮುಂದ ಇಲ್ಲಿ ಕೈ ಇಟ್ಟ ತೋರಸಾಕ ಬರ್ತೈತೇನವಾ? ಮೊಣಕಾಲೂ ನೋಯ್ತಿತ್ತು, ಅದನ್ನ ಹೇಳಿದೆ."

ಅದು ಸುಳ್ಳೂ ಅಲ್ಲ. ತೊಡೆಯ ಕೀಲಿಗೂ ಮೊಣಕಾಲಿಗೂ ಹೋಗುವ ನರಗಳು ಒಂದೇ. ಮೇಲೆ ಪೆಟ್ಟು ಬಿದ್ದರೆ ಕೆಳಗೆ ನೋಯುವುದುಂಟು. ಮೊಣಕಾಲು ನೋವೆಂದು ಬಂದವರ ಟೊಂಕದ ಕೀಲನ್ನೂ ನೋಡಿ ಎಂದು ಹುಡುಗಿಯರಿಗೆ ನಾನೇ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡವಳು.

"ಎಲ್ಲಿ ಬಿದ್ದಿ?"

"ಎಲ್ಲೂ ಬಿದ್ದಿಲ್ಲ."

ಬಾಗಿಲಲ್ಲಿ ನಿಂತಿದ್ದ ವೈನಿಗೆ ಅದೇ ಹೊತ್ತಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಹಾಲು ಒಲೆಯ ಮೇಲೆ ಇರಲಿಲ್ಲ. ನಾನು ಅದನ್ನು ಆಮೇಲೆ ಅರ್ಥ ಮಾಡಿಕೊಂಡೆ.

ಅವ್ವನಿಗೆ ಬಿಡಿಸಿ ಹೇಳಿದೆ. ತೊಡೆಯ ಎಲುಬಿನ ಕುತ್ತಿಗೆ ಸೀಳಿರಬೇಕು, ಆದರೆ ಎರಡು ತುಂಡೂ ಒಂದರೊಳಗೊಂದು ಸಿಕ್ಕಿಕೊಂಡು ನಿಂತಿವೆ, ಅದಕ್ಕೇ ಇಷ್ಟು ದಿನ ನಡೆದಾಡಿದ್ದೀ. ಅದು ಅಲುಗುವುದರೊಳಗೆ ಹುಬ್ಬಳ್ಳಿಯಲ್ಲಿ ಸ್ಕ್ರೂ ಹಾಕಿಸಿದರೆ ನಿನ್ನ ಗುಂಡು ನಿನಗೇ ಉಳಿಯುತ್ತದೆ. ಅಲುಗಿತೋ, ರಕ್ತದ ದಾರಿ ಹರಿದು ಹೋಗುತ್ತದೆ. "ಕಾಲು ನೆಲಕ್ಕ ಊರಬ್ಯಾಡ. ಏನ ಬೇಕಂದ್ರೂ ನನ್ನ ಎಬ್ಬಸು. ಮುಂಜಾನೆ ಗಾಡಿ ಬರ್ತೈತಿ," ಅಂದೆ. ಅವ್ವ ಹೂಂ ಅಂದಳು.

ಬೆಳಗಿನ ಜಾವ ನನಗೊಂದು ಕನಸು. ಬಸ್ಸಿನ ಬಾಗಿಲಲ್ಲಿ ಯಾರೋ ಹೆಂಗಸು ಚೊಂಬಿನಿಂದ ನೀರು ಸುರಿದುಕೊಳ್ಳುತ್ತಿದ್ದಾಳೆ, ಕಂಡಕ್ಟರ್ ಸುಮ್ಮನೆ ನೋಡುತ್ತಿದ್ದಾನೆ, ವಿಭೂತಿಯ ವಾಸನೆ ಬರುತ್ತಿದೆ. ಎಂಥ ಹಿತವಾದ ಕನಸು ಅಂತ ಮಗ್ಗಲು ಬದಲಿಸಿದೆ. ಆಮೇಲೆ ದೇವರ ಮನೆಯಿಂದ ಅವ್ವ ಶಿವನನ್ನು ಕೂಗಿದ್ದು ಕೇಳಿ ಎದ್ದು ಓಡಿದೆ.

ಮಣೆಯ ಪಕ್ಕದಲ್ಲಿ ಅವ್ವ ಬಿದ್ದಿದ್ದಳು. ಹಸಿ ಕೂದಲು, ಹಣೆಯಲ್ಲಿ ಮೂರು ಬೆರಳ ವಿಭೂತಿ. ಎಡಗೈ ಮುಷ್ಟಿ ಬಿಗಿಯಾಗಿತ್ತು, ಒಳಗೆ ಲಿಂಗ. ಬಲಗಾಲು ಎಡಗಾಲಿಗಿಂತ ಮೋಟಾಗಿ, ಪಾದ ಹೊರಕ್ಕೆ ಹೊರಳಿ ನೆಲಕ್ಕೆ ಒರಗಿತ್ತು. ಪುಸ್ತಕದಲ್ಲಿ ಇರುವ ಚಿತ್ರ ಅದೇ. ಯಾವ ಫೋಟೋ ಬೇಕಿರಲಿಲ್ಲ.

"ಹೇಳಿದ್ನೋ ಇಲ್ಲೋ ನಿನಗ! ಕಾಲು ಊರಬ್ಯಾಡಂತ ಹೇಳಿದ್ನೋ ಇಲ್ಲೋ!" ಅಂತ ಕಿರುಚಿದೆ. ಕಿರುಚುತ್ತಲೇ ಅಳು ಬಂತು.

"ಪೂಜಿ ಮುಗದಿತ್ತವಾ," ಅಂದಳು ಅವ್ವ, ಅದೇ ದೊಡ್ಡ ಸಮಾಧಾನ ಎಂಬಂತೆ. "ಪೂಜಿ ಆಗದ ನೀರು ಕುಡ್ಯಾಕ ಬರ್ತೈತೇನು? ಹುಬ್ಬಳ್ಳಿ ದೂರ. ಏಳೂವಾಗ ಹಿಂಗಾತು ನೋಡು."

ಎರಡು ಕಾಲಿನ ನಡುವೆ ದಿಂಬು ಇಟ್ಟು, ಸೀರೆಯಿಂದ ಎರಡನ್ನೂ ಸೇರಿಸಿ ಕಟ್ಟಿದೆ. ಊರಿನ ಡಾಕ್ಟರು ಬಂದು ನೋವಿನ ಸೂಜಿ ಚುಚ್ಚಿದರು. ಗಾಡಿಯ ಹಿಂದಿನ ಸೀಟಿನಲ್ಲಿ ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ಹಾನಗಲ್ಲು ದಾಟುವಾಗ ಸೂಜಿ ಹತ್ತಿ ಅವ್ವನ ಮಾತು ತೇಲತೊಡಗಿತು. ಮೊದಲು ಅವಳ ತವರು ಚಿಕ್ಕೇರೂರಿನ ಬೇವಿನಮರ ಬಂತು. ಆ ಮರಕ್ಕೆ ಪಂಚಮಿಗೆ ಕಟ್ಟುತ್ತಿದ್ದ ಜೋಕಾಲಿ, ನಿಂತು ಜೀಕಿದರೆ ಹಿರೇಕೆರೂರಿನ ದಾರಿಯೇ ಕಾಣುತ್ತಿತ್ತಂತೆ.

"ಹಗ್ಗಾ ಟೊಂಗಿ ಬುಡಕ್ಕ ಕಟ್ಟಬೇಕವಾ, ತುದಿಗೆ ಕಟ್ಟಿದ್ರ ಮುರೀತೈತಿ... ಮೊನ್ನೆನೂ ಬುಡಕ್ಕ ಕಟ್ಟಿದ್ರು, ನಾನಽ ಹೇಳಿ ಕಟ್ಟಿಸಿದ್ದೆ."

"ಮೊನ್ನೆ ಎಲ್ಲಿ ಬೇ?"

"ನಮ್ಮ ಹಿತ್ತಲದಾಗ. ಎಲ್ಲಾರೂ ಆಡಿ ಹ್ವಾದ್ರು. ಹಗ್ಗಾ ಸುಮ್ನ ಅಲಗ್ತಿತ್ತು. ಏರಿದೆ. ನಿಂತ ಜೀಕಿದೆ ನೋಡು! ಎಷ್ಟು ಮ್ಯಾಲ ಹ್ವಾದೆ... ಇಳಿಯೂವಾಗ ಹಗ್ಗಾ ನಿಲ್ಲಲಿಲ್ಲ. ದಪ್ಪಂತ ಕುಂತೆ."

ಅವಳ ಮುಖದಲ್ಲಿ ನಗು ಇತ್ತು. ಮೊಮ್ಮಕ್ಕಳು ಕಂಡ ಮುದುಕಿ ಜೋಕಾಲಿ ಏರಿದಳೆಂದು ಓಣಿಯವರು ಆಡಿಕೊಳ್ಳಬಾರದಂತ ವೈನಿಯಿಂದ ಆಣೆ ಮಾಡಿಸಿಕೊಂಡಿದ್ದಳಂತೆ. ಬೈಯಲು ಬಾಯಿ ತೆರೆದೆ. ಅವ್ವನಿಗೆ ನಿದ್ದೆ ಹತ್ತಿತ್ತು. ತಡಸದ ತಿರುವಿನಲ್ಲಿ ಗಾಡಿ ವಾಲಿದಾಗ ನಿದ್ದೆಯಲ್ಲೇ ನನ್ನ ಕೈಯನ್ನು ಹಗ್ಗದ ಹಾಗೆ ಬಿಗಿಯಾಗಿ ಹಿಡಿದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಫೋಟೋ ನೋಡಿದ ಡಾಕ್ಟರು, ಕುತ್ತಿಗೆ ಪೂರ್ತಿ ಮುರಿದು ಜಾರಿದೆ, ಈ ವಯಸ್ಸಿನಲ್ಲಿ ಕೂಡಿಸಿದರೂ ಗುಂಡು ಸಾಯುತ್ತದೆ, ಅದನ್ನು ತೆಗೆದು ಲೋಹದ ಗುಂಡು ಹಾಕುತ್ತೇವೆ, ನಾಳಿದ್ದು ಎದ್ದು ನಡೆಯಬಹುದು ಅಂದರು. ಹಾಸಿಗೆ ಹಿಡಿದರೆ ಇಂಥವರ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ತಡ ಮಾಡುವ ಹಾಗಿಲ್ಲ ಅಂದರು. ಒಳ್ಳೆಯ ಮನುಷ್ಯ, ಅವ್ವನ ಕಣ್ಣು ನೋಡಿ ಮಾತಾಡಿದರು.

"ಕಾಲು ಮಡಚ್ತೈತೇನ್ರಿ ಸಾಹೇಬ್ರ?" ಅಂತ ಅವ್ವ ಕೇಳಿದಳು.

"ನೆಲದ ಮೇಲೆ ಕೂರಬೇಡಿ ಅಜ್ಜಿ. ಇನ್ನು ಮೇಲೆ ಎಲ್ಲಾ ಕುರ್ಚಿ ಮೇಲೇನೇ."

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. ಅಣ್ಣ ಅಂಗಲಾಚಿದ, ನಾನು ಕೂಗಾಡಿದೆ, ಅವಳು ತಿರುಗಲಿಲ್ಲ. ಸಂಜೆ ಅಣ್ಣ ಚಹಾ ತರಲು ಹೋದಾಗ ನನ್ನ ಸೆರಗು ಹಿಡಿದು ಎಳೆದಳು.

"ಕುರ್ಚಿ ಮ್ಯಾಲ ಕುಂತು ರೊಟ್ಟಿ ತಿಂತೇನಿ. ಕುರ್ಚಿ ಮ್ಯಾಲ ಕುಂತು ಪೂಜಿನೂ ಮಾಡ್ತೇನಂತ, ಶಿವ ಏನರೆ ಅನ್ಲಿ. ಆದ್ರ ಕುಣಿಯಾಗ ಕುರ್ಚಿ ಇಡ್ತೀರೇನು? ಕಾಲು ಮಡಚಲಿಲ್ಲಂದ್ರ ನನ್ನ ಹೆಂಗ ಕುಂದ್ರಸ್ತೀರಿ? ಜಗ್ಯಾಡಿ ಮುರೀತೀರೇನು?"

ಅವ್ವ ಸಾವಿಗೆ ಹೆದರಿರಲಿಲ್ಲ. ಅಪ್ಪ, ಅವಳ ಅತ್ತೆ, ಮಾವ ಎಲ್ಲರೂ ಕುಳಿತಿರುವ ಹೊಲದಲ್ಲಿ ತಾನೊಬ್ಬಳು ಕಾಲು ಚಾಚಿಕೊಂಡು ಇರಬೇಕಾಗುತ್ತದೆ ಅಂತ ಹೆದರಿದ್ದಳು. ಚೀಲದಲ್ಲಿ ಆ ಎಲುಬು ಇತ್ತು. ಹೊರತೆಗೆದು ಅದರ ಗುಂಡನ್ನು ನನ್ನ ಎಡಗೈಯ ಗುಣಿಯಲ್ಲಿ ಕೂರಿಸಿ ತೋರಿಸಿದೆ. ಟೊಂಕದ ಗುಣಿಯಲ್ಲಿ ಅದು ಹೀಗೇ ಕೂರುತ್ತದೆ. ಮೊಣಕಾಲು ಒಳಕ್ಕೆ ತಿರುಗಿ ಮಡಚಿದರೆ ಹೊಸ ಗುಂಡು ಹಿಂದಕ್ಕೆ ಹಾರುತ್ತದೆ. ಮೊಣಕಾಲು ಹೊರಕ್ಕೆ ತೆರೆದು ಮಡಚಿದರೆ ಒಳಗೇ ಇರುತ್ತದೆ. ಚಕ್ಕಳಮಕ್ಕಳದಲ್ಲಿ ಮೊಣಕಾಲು ಹೊರಗೇ ಇರುವುದು. ಕಷ್ಟ ಇರುವುದು ಕೂರುವ, ಏಳುವ ಹೊತ್ತಿನಲ್ಲಿ.

"ಕುಣಿಯಾಗಿಂದ ಏಳೂದು ಏನೈತಿ," ಅಂದಳು ಅವ್ವ.

"ಹೌದಲ್ಲ ಬೇ."

"ಹಂಗಾದ್ರ ನೀನಽ ಕುಂದ್ರಸು. ಅವರಿಗೆ ಗೊತ್ತಾಗೂದಿಲ್ಲ, ಜಗ್ತಾರ. ನನ್ನ ಕಾಲು ನೀ ಒಬ್ಬಾಕಿನಽ ಮಡಚಬೇಕು."

ಹೂಂ ಅಂದೆ. ಹೆಬ್ಬೆಟ್ಟು ಮುಂದೆ ಮಾಡಿದಳು.

ಆಪರೇಶನ್ ಆದ ಮೇಲೆ ಹೊರಗೆ ಬಂದ ನರ್ಸು, ತೆಗೆದ ಗುಂಡನ್ನು ಸ್ಟೀಲಿನ ಬಟ್ಟಲಲ್ಲಿ ತೋರಿಸಿದಳು. ಎಷ್ಟೋ ವರ್ಷ ಪರರ ಎಲುಬು ಮುಟ್ಟಿದವಳಿಗೆ ಅವ್ವನದನ್ನು ಮುಟ್ಟಲು ಕೈ ಬರಲಿಲ್ಲ. ಅಣ್ಣ ಕೇಳಿ, ಸಹಿ ಮಾಡಿ ಕೊಟ್ಟು ಅದನ್ನು ತಂದ. ಅಕ್ಕಿಆಲೂರಿನ ಹೊಲದಲ್ಲಿ, ಅಪ್ಪನ ಪಕ್ಕದಲ್ಲಿ ಅವ್ವನಿಗೆಂದು ಬಿಟ್ಟಿದ್ದ ಜಾಗದಲ್ಲಿ ಮೊಳದಾಳ ತೋಡಿ ಇಟ್ಟು ಬಂದ. ಅವ್ವ ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

"ಬಸ್ಸಿನ ಕಿಡಕಿಯಾಗ ಟಾವೆಲ್ ಒಗದು ಸೀಟ ಹಿಡೀತಾರಲ್ಲ, ಹಂಗ ನನ್ನ ಎಲುಬು ಮೊದಲ ಹೋಗಿ ಸೀಟ ಹಿಡದೈತಿ ನೋಡವಾ. ಇನ್ನ ಗಡಬಡಿ ಇಲ್ಲ."

ನಿಜಕ್ಕೂ ಗಡಿಬಿಡಿ ಇರಲಿಲ್ಲ. ಎರಡನೆಯ ದಿನ ವಾಕರ್ ಹಿಡಿದು ನಿಂತಳು. ಮನೆಗೆ ಬಂದ ಮೇಲೆ ಬಹಳ ದಿನ ಬಾತುಕೋಳಿಯಂತೆ ಬಲಕ್ಕೆ ವಾಲಿ ನಡೆದಳು. ದೊಡ್ಡ ಉಬ್ಬಿಗೆ ಅಂಟಿಕೊಂಡ ಮಾಂಸಖಂಡ ಸೋತಿರುತ್ತದೆ, ಅದಕ್ಕೆ ಟೊಂಕವನ್ನು ಎತ್ತಿ ಹಿಡಿಯಲು ಆಗುವುದಿಲ್ಲ. ಮಗ್ಗಲಾಗಿ ಮಲಗಿಸಿ, ಕಾಲುಗಳ ನಡುವೆ ದಿಂಬು ಇಟ್ಟು, ಮೇಲಿನ ಕಾಲು ಎತ್ತು ಬೇ ಎತ್ತು ಅಂತ ನಾನು ಗದರುವುದು, "ನಿಮ್ಮವ್ವಗ ಹಿಂಗ ಅಂತಿಯಲ್ಲ, ಆ ಹುಡಿಗ್ಯಾರಿಗೆ ಏನೇನ ಅಂತಿ," ಅಂತ ಅವಳು ಅನ್ನುವುದು. ಹೀಗೆ ಮಳೆಗಾಲ ಹೋಗಿ ಚಳಿ ಬಂತು. ಹಿತ್ತಲಲ್ಲಿ ಜೋಕಾಲಿಯ ಹಗ್ಗ ಬಿಚ್ಚಿರಲಿಲ್ಲ. ಬಿಚ್ಚಲು ಹೋದ ಅಣ್ಣನನ್ನು ಅವ್ವನೇ ತಡೆದಳು.

ಒಂದು ಮಧ್ಯಾಹ್ನ ವೈನಿ ಹಿತ್ತಲಿಗೆ ಕರೆದು ಮೊಬೈಲು ತೋರಿಸಿದರು. ಅವ್ವ ಮಲಗಿದ್ದಳು. ಮೊಬೈಲಿನಲ್ಲೂ ಅವ್ವ. ಸೀರೆ ಕಚ್ಚೆ ಹಾಕಿ, ಮಣೆಯ ಮೇಲೆ ನಿಂತು, ಮೊಣಕಾಲು ಬಾಗಿಸಿ ಎತ್ತಿ ಎತ್ತಿ ಜೀಕುತ್ತಿದ್ದಾಳೆ. ಟೊಂಗೆ ಕಿರಗುಡುತ್ತದೆ, ಎಲೆ ಉದುರುತ್ತವೆ, ಸೆರಗು ಹಿಂದೆ ಹಾರುತ್ತದೆ. ಬಿಳಿ ತಲೆಯ ಹುಡುಗಿ. ಕೆಳಗಿನಿಂದ ವೈನಿಯ ದನಿ, "ಸಾಕ್ರಿ ಅತ್ತಿ, ಸಾಕ್ರಿ." ಅವ್ವ ಸಾಕು ಮಾಡುವುದಿಲ್ಲ. ಅಷ್ಟಕ್ಕೇ ನಿಲ್ಲುತ್ತದೆ. ನಾನೂ ವೈನಿಯೂ ಅದನ್ನು ಮತ್ತೆ ಮತ್ತೆ ಹಾಕಿ ನೋಡಿದೆವು. ಬೈಯುವ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಆ ಜೋಕಾಲಿ ಈಗಲೂ ಕೆಲವು ಸಲ ಬಸ್ಸಿನ ಜೊಂಪಿನಲ್ಲಿ ಬರುತ್ತದೆ. ಅವ್ವ ಮೇಲೆ ಹೋಗುತ್ತಾಳೆ, ಇಳಿಯುವುದಿಲ್ಲ.

ಪೂಜೆಯನ್ನು ಕುರ್ಚಿಯ ಮೇಲೆ ಮಾಡುತ್ತೇನೆ ಅಂದವಳು ಒಂದೇ ವಾರಕ್ಕೆ ರೇಗಿದಳು. "ಕಾಲು ಜೋತು ಬಿಟ್ಟು ಕುಂತು ಲಿಂಗಾ ಹಿಡ್ಯಾಕ ಇದೇನು ಕಚೇರಿ ಏನು?" ಅಂದಳು. ಕೆಲವು ತಿಂಗಳ ಮೇಲೆ ಹುಬ್ಬಳ್ಳಿಯ ಡಾಕ್ಟರನ್ನೇ ಕೇಳಿದೆ. ಅವರು ಕಾಲನ್ನು ಎಲ್ಲ ಕಡೆ ತಿರುಗಿಸಿ ನೋಡಿ, ಎತ್ತರದ ಮಂಚದ ಮೇಲೆ ಮೊಣಕಾಲು ಹೊರಗೆ ಬಿಟ್ಟು ನೋವಾಗದಷ್ಟು ಮಡಚಲಿ, ಒಬ್ಬರು ಜೊತೆಗಿರಲಿ ಅಂದರು. ಅಣ್ಣ ದೇವರ ಮನೆಗೆ ಒಂದು ಮಂಚ ಹಾಕಿಸಿದ. ಅವ್ವ ಅದರ ಮೇಲೆ ಕುಳಿತು ಎಡಗಾಲು ಪೂರ್ತಿ ಮಡಚುತ್ತಿದ್ದಳು. ಬಲಗಾಲು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ನಾನು ಇದ್ದ ದಿನ ಹಿಮ್ಮಡಿ ಹಿಡಿದು ಮೆಲ್ಲಗೆ ತರುತ್ತಿದ್ದೆ. ಒಂದು ಜಾಗಕ್ಕೆ ಬಂದ ಕೂಡಲೇ, "ಸಾಕವಾ," ಅನ್ನುತ್ತಿದ್ದಳು. ದಿನವೂ ಅದೇ ಜಾಗ.

"ಇನ್ನೊಂದೀಟು ನೋಡೂಣು ಬೇ."

"ಬ್ಯಾಡ. ಇರೂತನಾ ಅರ್ಧಾ ಸಾಕು. ಹ್ವಾದ ಮ್ಯಾಲ ಪೂರ್ತಿ ಮಡಚು."

ಹಾಗೆ ಕೆಲವು ವರ್ಷ ನಡೆಯಿತು. ಕಳೆದ ಚಳಿಗಾಲದಲ್ಲಿ, ಸವಣೂರಿನ ಶಾಲೆಯಲ್ಲಿ ಹೊಸ ಹುಡುಗಿಯರಿಗೆ ಅದೇ ಎಲುಬಿನ ಕುತ್ತಿಗೆ ತೋರಿಸುತ್ತಿದ್ದಾಗ ಅಣ್ಣನ ಫೋನು ಬಂತು. ಅವ್ವ ಪೂಜೆ ಮುಗಿಸಿ, ನೀರು ಕುಡಿದು, ಮಂಚದ ಮೇಲೇ ಗೋಡೆಗೆ ಒರಗಿದವಳು ಏಳಲಿಲ್ಲವಂತೆ. ಅಣ್ಣನ ದನಿ ಒಡೆದಿತ್ತು. "ಲಗೂ ಬಾ. ಕುಂದ್ರಸಬೇಕು," ಅಂದ.

ಹೆಣ ಸೆಟೆಯುವ ಮೊದಲು ಕೂರಿಸಬೇಕು. ಕೆಲವೇ ತಾಸು ಸಿಗುತ್ತದೆ, ಚಳಿಗಾಲದಲ್ಲಿ ಇನ್ನೊಂದಿಷ್ಟು. ಇದನ್ನು ಕಲಿಸುವವಳೂ ನಾನೇ. ಬಾಡಿಗೆ ಗಾಡಿಯಲ್ಲಿ ಕುಳಿತೆ. ಕೆಂಪು ಚೀಲ ತೊಡೆಯ ಮೇಲೇ ಉಳಿದಿತ್ತು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದವು, ಮುಂದೆ ಕುರಿಗಳು ನಿಂತವು. ನನಗೆ ಯಾರ ಮೇಲೂ ಕೂಗಲು ದನಿ ಬರಲಿಲ್ಲ. ಅಣ್ಣ ಎರಡನೆಯ ಸಲ ಫೋನು ಮಾಡಿದಾಗ ಹಿಂದೆ ಹಿರಿಯರ ಮಾತು ಕೇಳುತ್ತಿತ್ತು. ಆಪರೇಶನ್ ಆದ ಕಾಲು, ಅದು ಮಡಚುವುದಿಲ್ಲ, ಚಾಚಿಯೇ ಇರಲಿ ಅಂತ ಒಬ್ಬರು. ಸ್ವಲ್ಪ ಜಗ್ಗಿದರೆ ಬರುತ್ತದೆ ಅಂತ ಇನ್ನೊಬ್ಬರು. ಅವರಿಗೆ ಅಣ್ಣ ಹೇಳಿದ್ದೂ ಕೇಳಿತು. ಜೀವಮಾನದಲ್ಲಿ ಯಾರಿಗೂ ಎದುರಾಡದ ನನ್ನ ಅಣ್ಣ.

"ನನ್ನ ತಂಗಿ ಬರೂತನಾ ಯಾರೂ ಕಾಲು ಮುಟ್ಟಬ್ಯಾಡ್ರಿ."

ಅಕ್ಕಿಆಲೂರಿಗೆ ಬಂದಾಗ ಅಂಗಳದಲ್ಲಿ ಹೆಣವನ್ನು ಕೂರಿಸಿ ಒಯ್ಯುವ ಬಿದಿರಿನ ವಿಮಾನ ಕಟ್ಟುತ್ತಿದ್ದರು. ನಾನು ಮೊದಲು ಹಿತ್ತಲಿಗೆ ಹೋಗಿ ಚೀಲವನ್ನು ಕೊಟ್ಟಿಗೆಯ ಗೂಟಕ್ಕೆ ಸಿಗಿಸಿದೆ. ಕೈ ತೊಳೆದು ಒಳಗೆ ಬಂದೆ. ಅವ್ವನನ್ನು ಚಾಪೆಯ ಮೇಲೆ ಮಲಗಿಸಿದ್ದರು, ಹಣೆಗೆ ಬೆಳಗಿನ ವಿಭೂತಿ ಇನ್ನೂ ಇತ್ತು. ಸಂಸ್ಕಾರ ಮಾಡಿಸಲು ಬಂದಿದ್ದ ಅಯ್ಯನವರು ಗಡಿಯಾರ ನೋಡಿ ಪಕ್ಕಕ್ಕೆ ಸರಿದರು.

ಅಣ್ಣ ಅವ್ವನ ಬೆನ್ನಿಗೆ ಎದೆ ಕೊಟ್ಟು ಎತ್ತಿ ಕೂರಿಸಿ ಹಿಡಿದ. ಎಡಗಾಲು ತಾನಾಗಿ ಮಡಚಿತು. ನಾನು ಬಲಗಾಲಿನ ಮುಂದೆ ಕುಳಿತೆ. ಒಂದು ಕೈ ಮೊಣಕಾಲಿನ ಕೆಳಗೆ, ಒಂದು ಕೈ ಹಿಮ್ಮಡಿಯ ಕೆಳಗೆ. ಕಾಲು ತಣ್ಣಗಿತ್ತು, ಆದರೆ ಇನ್ನೂ ಮಾತು ಕೇಳುತ್ತಿತ್ತು. ಮೊಣಕಾಲು ಎತ್ತಿ, ಹೊರಗಡೆ ವಾಲಲು ಬಿಟ್ಟು, ಹಿಮ್ಮಡಿಯನ್ನು ಮೆಲ್ಲಗೆ ಒಳಕ್ಕೆ ತಂದೆ. ಅರ್ಧ ಬಂತು. ದಿನವೂ ನಿಲ್ಲುತ್ತಿದ್ದ ಜಾಗ ಬಂತು. ನನ್ನ ಕೈ ತಾನೇ ನಿಂತಿತು. ಅವ್ವ ಸಾಕು ಅನ್ನುತ್ತಾಳೆಂದು ಮುಖ ನೋಡಿದೆ.

ಹಿಂದಿನಿಂದ ವೈನಿ, "ಸಾವಕಾಶವಾ, ಅತ್ತೀಗೆ ನೋಯ್ತೈತಿ," ಅಂದರು.

ಅಣ್ಣ ಅವ್ವನ ತಲೆಯ ಹಿಂದೆ ಮುಖ ಮುಚ್ಚಿಕೊಂಡ. ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಆದರೆ ಆ ದಾರಿ ಕೈಗೆ ಗೊತ್ತಿತ್ತು.

"ಆತು ಬೇ," ಅಂದೆ. "ಇನ್ನೊಂದೀಟು."

ಮೊಣಕಾಲನ್ನು ಇನ್ನೂ ಸ್ವಲ್ಪ ಹೊರಕ್ಕೆ ತೆರೆದೆ. ಒಳಗಿನ ಗುಂಡು ಸದ್ದಿಲ್ಲದೆ ತಿರುಗಿತು. ಪಾದ ಬಂದು ಎಡತೊಡೆಯ ಮೇಲೆ ಕೂತಿತು. ಅಣ್ಣ ಅವಳ ಎಡ ಅಂಗೈ ಬಿಡಿಸಿ ಮಡಿಲಲ್ಲಿ ಇಟ್ಟ, ನಾನು ಸೀರೆಯ ನಿರಿಗೆ ಸರಿ ಮಾಡಿದೆ. ಅವ್ವ ಪೂರ್ತಿ ಕುಳಿತಿದ್ದಳು.